ತೋಟದ ಮಣ್ಣಲ್ಲಿ ಸೀಸದ ಗುಂಡು ಸಿಕ್ಕಿದೆ, ಮುಂದೆ ಹುಡುಕೋದು ಹೇಗೆ? ಅನುಭವ ಇರೋರು ಹೇಳಿ

ಶನಿವಾರಸಂತೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಶನಿವಾರಸಂತೆ ಕಡೆ ಐದೆಕರೆ ಅರೇಬಿಕಾ ಕಾಫಿ, ನಡುನಡುವೆ ಮೆಣಸಿನ ಬಳ್ಳಿ. ಕೆರೆ ಹೂಳು ತೆಗೆಸಿದ ಜೆಸಿಬಿ ಮಣ್ಣಿನ ರಾಶಿಯಲ್ಲಿ ಮೂರು ಸೀಸದ ಉಂಡೆ, ಹಿಂದೆ ಕೊಂಡಿ ಇರೋ ಒಂದು ಹಿತ್ತಾಳೆ ಬಿಲ್ಲೆ, ತುಕ್ಕು ಹಿಡಿದ ಒಂದು ಕಬ್ಬಿಣದ ಗುಂಡು ಸಿಕ್ಕಿವೆ. ಸೀಸದ ಎರಡು ಉಂಡೆ ಅಡ್ಡಳತೆ 17.5 ಮಿ.ಮೀ., ತೂಕ 31 ಗ್ರಾಂ ಆಸುಪಾಸು. ಮೂರನೆಯದು 9 ಮಿ.ಮೀ., ನಾಲ್ಕೂವರೆ ಗ್ರಾಂ. ಕಬ್ಬಿಣದ್ದು ಸುತ್ತಳತೆ 32 ಸೆಂ.ಮೀ., ತೂಕ 4 ಕೆ.ಜಿ. ತೋಟದ ಅಂಚಲ್ಲಿ ಹಳೇ ಕಡಂಗ (ಹಿಂದಿನ ಕಾಲದ ಯುದ್ಧದ ಕಂದಕ) ಹಾದು ಹೋಗಿದೆ. ಮೆಟಲ್ ಡಿಟೆಕ್ಟರ್ ತಗೊಂಡು ರಜೆ ದಿನಗಳಲ್ಲಿ ಹುಡುಕಬೇಕು ಅಂತ ಆಸೆ. ಯಾವ ಮೆಷಿನ್, ಎಲ್ಲಿ ಅಗೆಯಬಹುದು, ಸಿಕ್ಕಿದ್ದನ್ನು ತೊಳೆಯೋದು ಹೇಗೆ, ದಯವಿಟ್ಟು ಹೇಳಿ.

ಹಳೇ ಆರ್ಡನೆನ್ಸ್:
ಮೊದಲು ಆ ಕಬ್ಬಿಣದ ಗುಂಡು, ಉಳಿದದ್ದೆಲ್ಲ ಆಮೇಲೆ. ಉಜ್ಜಬೇಡಿ, ಸುತ್ತಿಗೆಯಿಂದ ತಟ್ಟಿ ಸದ್ದು ನೋಡಬೇಡಿ, ಗ್ರೈಂಡರ್ ಹತ್ತಿರವೂ ತರಬೇಡಿ. ಹಳೇ ತೋಪಿನ ಗುಂಡಲ್ಲಿ ಎರಡು ಜಾತಿ. ಒಂದು ಗಟ್ಟಿ ಎರಕದ್ದು, ಅದು ಬರೀ ಕಬ್ಬಿಣ. ಇನ್ನೊಂದು ಪೊಳ್ಳು, ಹೊಟ್ಟೆಯೊಳಗೆ ಕರಿಮದ್ದು ತುಂಬಿ ಬತ್ತಿ ಇಡಲು ಒಂದು ತೂತು ಬಿಟ್ಟಿರುತ್ತಾರೆ. ನೂರೈವತ್ತು ಇನ್ನೂರು ವರ್ಷ ಮಣ್ಣಲ್ಲಿ ನೆನೆದರೆ ಮದ್ದು ಸತ್ತಿರುತ್ತದೆ ಅನ್ನುವುದು ಸುಳ್ಳು. ಬತ್ತಿಯ ತೂತು ತುಕ್ಕಿನಿಂದ ಮುಚ್ಚಿದ್ದರೆ ಒಳಗಿನದು ಒಣಗಿಯೇ ಇರಬಹುದು, ನೆನೆದಿದ್ದರೂ ಒಣಗಿದ ಮೇಲೆ ಉರಿಯುತ್ತದೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅವರ ಅಂತರ್ಯುದ್ಧ ಕಾಲದ ಇಂಥದೇ ಗುಂಡನ್ನು ಶುಚಿ ಮಾಡುತ್ತಿದ್ದ ಸಂಗ್ರಾಹಕ ಸತ್ತ. ಅವನೇನು ಹೊಸಬನಲ್ಲ, ಪಳಗಿದ ಕೈ.

ಲೆಕ್ಕ ಹೀಗೆ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ನಿಮ್ಮದರ ಅಡ್ಡಳತೆ 10.2 ಸೆಂ.ಮೀ. ಅದರ ಘನವನ್ನು (10.2 × 10.2 × 10.2) 0.52ರಿಂದ ಗುಣಿಸಿದರೆ ಸುಮಾರು 550 ಘನ ಸೆಂ.ಮೀ. ಎರಕದ ಕಬ್ಬಿಣ ಒಂದು ಘನ ಸೆಂ.ಮೀ.ಗೆ 7.2 ಗ್ರಾಂ, ಅಂದರೆ ಗಟ್ಟಿ ಗುಂಡಾದರೆ 4 ಕೆ.ಜಿ. ಆಗಬೇಕು. ನಿಮ್ಮದು ಅಷ್ಟೇ ಇದೆ. ಪೊಳ್ಳಾಗಿದ್ದರೆ ಇದೇ ಅಳತೆಗೆ 3 ಕೆ.ಜಿ. ಹತ್ತಿರ ನಿಲ್ಲುತ್ತಿತ್ತು. ಗಟ್ಟಿಯದೇ ಇರಬೇಕು. ಆದರೂ ಎಲ್ಲಾದರೂ ಬೆರಳಗಲದ ದುಂಡು ತೂತೋ, ಬೇರೆ ಲೋಹದ ಬಿರಡೆಯೋ ಕಂಡರೆ ಲೆಕ್ಕ ಮರೆತುಬಿಡಿ, 112ಕ್ಕೆ ಫೋನ್ ಮಾಡಿ. ಮೇಲೆ ತುಕ್ಕು ದಪ್ಪ ಕಟ್ಟಿದರೆ ಅಳತೆ ಹೆಚ್ಚು, ತೂಕ ಕಡಿಮೆ ಬರುತ್ತದೆ, ಗಟ್ಟಿ ಗುಂಡೂ ಪೊಳ್ಳಿನ ಹಾಗೆ ಕಾಣುತ್ತದೆ. ಆ ಅನುಮಾನ ಬಂದಾಗ ಪೊಳ್ಳು ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. 9 ಪೌಂಡ್ ತೋಪಿನ ಗುಂಡು 4.1 ಕೆ.ಜಿ., ಅಡ್ಡಳತೆ 10 ಸೆಂ.ಮೀ. ಆಸುಪಾಸು. ಹೆಣ್ಣುಮಕ್ಕಳ ಗುಂಡೆಸೆತದ ಗುಂಡೂ 4 ಕೆ.ಜಿ., 9.5ರಿಂದ 11 ಸೆಂ.ಮೀ. ಹತ್ತಿರದಲ್ಲಿ ಶಾಲೆ ಮೈದಾನ ಇದ್ದರೆ ಕೇಳಿ ನೋಡಿ! ವ್ಯತ್ಯಾಸ ಗೊತ್ತಾಗುವುದು ಮೈಮೇಲೆ. ಅಚ್ಚಿನಲ್ಲಿ ಎರಕ ಹೊಯ್ದ ಹಳೇ ಗುಂಡಿನ ನಡುಸುತ್ತು ಎರಡು ಅಚ್ಚು ಕೂಡಿದ ಸಣ್ಣ ಏರುಗೆರೆ ಇರುತ್ತದೆ, ಒಂದು ಕಡೆ ಎರಕ ಸುರಿದ ಬಾಯಿಯನ್ನು ಕಡಿದ ಮಚ್ಚೆ ಇರುತ್ತದೆ. ಗುಂಡೆಸೆತದ್ದು ಲೇತಿನಲ್ಲಿ ಕಡೆದದ್ದು, ತುಕ್ಕು ಕಮ್ಮಿ ಇರುವ ಜಾಗದಲ್ಲಿ ನಯವಾದ ಸುತ್ತುಗೆರೆ ಕಾಣುತ್ತದೆ, ಕೆಲವದರಲ್ಲಿ ತೂಕ ಸರಿಮಾಡಲು ಸೀಸ ತುಂಬಿದ ಬಿರಡೆಯೂ ಇರುತ್ತದೆ. ನೋಡುವುದು ಕಣ್ಣಿಂದ, ಟಾರ್ಚ್ ಹಿಡಿದು. ಕೆರೆದು ಅಲ್ಲ.

ಸೀಸದ್ದರಲ್ಲಿ 17.5 ಮಿ.ಮೀ., 31 ಗ್ರಾಂ ಅಂದರೆ ಕಂಪನಿ ಸೈನ್ಯದ ಬ್ರೌನ್ ಬೆಸ್ ಬಂದೂಕಿನ ಗುಂಡಿಗೆ ತಾಳೆಯಾಗುತ್ತದೆ. ಆ ನಳಿಗೆಯ ಒಳ ಅಗಲ 19 ಮಿ.ಮೀ., ಗುಂಡು ಬೇಕಂತಲೇ ಸಣ್ಣದು, ಮದ್ದಿನ ಮಸಿ ಕಟ್ಟಿದ ಮೇಲೂ ಬಾಯಿಯಿಂದ ಇಳಿಯಲಿ ಅಂತ. ಫ್ರೆಂಚ್ ಮಾದರಿ ಬಂದೂಕಿನದು 16.5 ಮಿ.ಮೀ., 27 ಗ್ರಾಂ ಹತ್ತಿರ. ಆದರೆ ಅಷ್ಟಕ್ಕೇ 1834ರ ಕೊಡಗು ಯುದ್ಧದ್ದು ಅಂತ ಹಾರಬೇಡಿ. ನಮ್ಮ ಜಿಲ್ಲೆಯಲ್ಲಿ ಕೋವಿ ಇಲ್ಲದ ಮನೆ ಹುಡುಕಬೇಕು. 12 ಬೋರ್ ಅಂದರೆ ಒಂದು ಪೌಂಡ್ ಸೀಸಕ್ಕೆ ಹನ್ನೆರಡು ಗುಂಡು ಅಂತ ಅರ್ಥ, 18.5 ಮಿ.ಮೀ. ಬರುತ್ತದೆ. ಕೇಪಿನ ಕೋವಿಗೆ ಮನೆಯಲ್ಲೇ ಹೊಯ್ದ ಗುಂಡು 15ರಿಂದ 18ರ ನಡುವೆ ಎಷ್ಟು ಬೇಕಾದರೂ ಇರಬಹುದು. ಒಂದೇ ಜಾಗದಲ್ಲಿ ಒಂದೇ ಅಳತೆಯ ಆರೇಳು ಸಿಕ್ಕರೆ ಮಾತಾಡಬಹುದು. ನಿಮ್ಮ 9 ಮಿ.ಮೀ. ಉಂಡೆ ಎಲ್‌ಜಿ ಅನ್ನುವ ದಪ್ಪ ಚರೆ. ಯಾರೋ ಹಂದಿಗೆ ಹೊಡೆದದ್ದು.

ಕಡತ:
ಹುಡುಕುವ ಮೊದಲು ಕಾನೂನು ತಿಳಿದುಕೊಳ್ಳಿ, ಈ ಹವ್ಯಾಸ ಬೇರೆ ದೇಶಗಳಲ್ಲಿ ಇದ್ದ ಹಾಗೆ ನಮ್ಮಲ್ಲಿಲ್ಲ. ಪುರಾತತ್ವದ ಉದ್ದೇಶಕ್ಕೆ ನೆಲ ಅಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಲೈಸೆನ್ಸ್ ಬೇಕು. ಅದು ವಿಶ್ವವಿದ್ಯಾಲಯ, ಇಲಾಖೆಗಳಿಗೆ ಸಿಗುವಂಥದ್ದು. ಹವ್ಯಾಸಕ್ಕೆ ಅಂತ ಅರ್ಜಿ ಹಾಕಿದರೆ ಉತ್ತರವೂ ಬರಲಿಕ್ಕಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಮಡಿಕೇರಿ ಕೋಟೆಯ ಆಸುಪಾಸು ಅದಕ್ಕೇ ಮೆಷಿನ್ ಬ್ಯಾಗಿನಿಂದಲೇ ತೆಗೆಯಬೇಡಿ. ಮೀಸಲು ಅರಣ್ಯ, ಅಭಯಾರಣ್ಯ, ದೇವರಕಾಡು, ಪೈಸಾರಿ (ಸರ್ಕಾರಿ ಬೀಳು ಜಮೀನು), ಇವೆಲ್ಲ ನಿಮ್ಮದಲ್ಲ. ಹೆಗ್ಗಳ, ಮಾಕುಟ್ಟದ ಹಳೇ ಘಾಟಿ ದಾರಿಯಲ್ಲಿ ಏನಾದರೂ ಸಿಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕಣ್ಣೂರಿನಿಂದ ಶ್ರೀರಂಗಪಟ್ಟಣದ ಕಡೆ ಹೋದದ್ದು ಆ ದಾರಿಯಲ್ಲೇ, ನಿಜ. ಅವನ ಭೇಟಿಯ ನೆನಪಿಗೇ ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೆ ಕಟ್ಟಿಸಿದ. ಆದರೆ ಈಗ ಅದು ಕಾಡು. ಅರಣ್ಯ ಇಲಾಖೆಯವರ ಕೈಗೆ ಡಿಟೆಕ್ಟರ್ ಗುದ್ದಲಿ ಸಮೇತ ಸಿಕ್ಕರೆ ಬೇಟೆ ಕೇಸಿಗಿಂತ ಹಗುರ ಅಂತ ಅಂದುಕೊಳ್ಳಬೇಡಿ.

ನಿಮ್ಮ ಸ್ವಂತ ಜಮೀನಲ್ಲೇ ಸಿಕ್ಕರೂ ಹುದುಗಿದ್ದ ಬೆಲೆಬಾಳುವ ವಸ್ತು ನಿಕ್ಷೇಪ ಕಾಯ್ದೆಗೆ ಬರುತ್ತದೆ. 1878ರ ಕೇಂದ್ರ ಕಾಯ್ದೆಯಲ್ಲಿ ಮಿತಿ ಹತ್ತು ರೂಪಾಯಿ! ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಮಿತಿ ಲೆಕ್ಕ ಹಾಕಿ ಜಾರಿಕೊಳ್ಳುವ ಯೋಚನೆ ಬಿಟ್ಟು ಜಿಲ್ಲಾಧಿಕಾರಿಗೆ ಒಂದು ಪತ್ರ ಬರೆಯಿರಿ. ಏನು ಸಿಕ್ಕಿತು, ಎಷ್ಟು, ಯಾವ ಸರ್ವೆ ನಂಬರ್, ಯಾವ ದಿನ, ಯಾವ ಕೆಲಸ ಮಾಡುವಾಗ, ಇಷ್ಟೇ. ಫೋಟೊ ಲಗತ್ತಿಸಿ, ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ, ಟಪಾಲಿನ ಮೊಹರು ಬಿದ್ದ ನಕಲು ಇಟ್ಟುಕೊಳ್ಳಿ. ನೂರು ವರ್ಷ ದಾಟಿದ ವಸ್ತು ಪುರಾವಸ್ತು. 1972ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವುದಂತೂ ಇಲ್ಲವೇ ಇಲ್ಲ.

ಆಯುಧ ಕಾಯ್ದೆಯ ಬಗ್ಗೆ ಕೊಡಗಿನಲ್ಲಿ ಒಂದು ತಪ್ಪು ನಂಬಿಕೆ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ (ಈಗಿನ ಅಧಿಸೂಚನೆ 2029ರ ತನಕ) ಮನೆಯ ಕೋವಿಗೆ. ನೆಲದಲ್ಲಿ ಸಿಕ್ಕ ತ್ರೀ ನಾಟ್ ತ್ರೀ ರೈಫಲ್ಲಿನ ತೋಟೆಗೂ (ಕಾರ್ಟ್ರಿಜ್) ಗ್ರೆನೇಡಿಗೂ ಅದು ಅನ್ವಯಿಸುವುದಿಲ್ಲ. ರಿಪೇರಿ ಮಾಡಿದರೂ ಹಾರಿಸಲಾಗದ ಹಳೇ ನಮೂನೆಯ ಆಯುಧಕ್ಕೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಕೊಳೆತ ನಳಿಗೆಯ ತುಂಡು ಅದರಲ್ಲಿ ಬರುತ್ತದೆ, ಜೀವ ಇರುವ ತೋಟೆ ಬರುವುದಿಲ್ಲ.

ಕಡಂಗವನ್ನು ಮಾತ್ರ ಮುಟ್ಟಬೇಡಿ. ಅದು ನಿಮ್ಮ ಹಿಡುವಳಿಯೊಳಗೇ ಇದ್ದರೂ. ಅಲ್ಲಿ ವಸ್ತುವಿಗಿಂತ ಮಣ್ಣಿನ ಪದರಕ್ಕೆ ಬೆಲೆ. ಒಂದು ಗುದ್ದಲಿ ಬಿದ್ದರೆ ಯಾವ ಕಾಲದಲ್ಲಿ ತೋಡಿದರು, ಎಷ್ಟು ಸಲ ಏರಿ ಎತ್ತರಿಸಿದರು ಅನ್ನುವುದೆಲ್ಲ ಹೋಯಿತು.

ಡಬ್ಬಲ್ ಡಿ:
ಕಾನೂನಿನವರು ಹೇಳಿದ್ದಕ್ಕೆ ಸೇರಿಸಿ ಓದಿ. ನಿಮಗೆ ಉಳಿಯುವುದು ಈಗಾಗಲೇ ಬುಡಮೇಲಾದ ಮಣ್ಣು: ಜೆಸಿಬಿ ರಾಶಿ, ಹೊಸ ರಸ್ತೆ ಕಡಿದ ಮಣ್ಣು, ಗಿಡ ನೆಡಲು ತೆಗೆದ ಗುಂಡಿಯ ಮಣ್ಣು. ಅದೂ ಕಡಿಮೆಯೇನಲ್ಲ. ಕೆರೆ ಹೂಳಿನ ರಾಶಿಯನ್ನು ಅರ್ಧ ಅಡಿ ದಪ್ಪಕ್ಕೆ ಹರಡಿಸಿ, ಮೆಷಿನ್ ಆಡಿಸಿ, ಆಮೇಲೆ ಮುಂದಿನ ಅರ್ಧ ಅಡಿ. ಅಗೆಯುವ ಪ್ರಶ್ನೆಯೇ ಬರುವುದಿಲ್ಲ.

ಮೆಷಿನ್ ಆರಿಸುವಾಗ ಆಳ ನೋಡಿ ಮೋಸ ಹೋಗಬೇಡಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಕಬ್ಬಿಣದ ಆಕ್ಸೈಡಿನಿಂದ ತುಂಬಿದೆ. ಡಬ್ಬದ ಮೇಲೆ ನಾಣ್ಯಕ್ಕೆ 25 ಸೆಂ.ಮೀ. ಅಂತ ಬರೆದ ಮೆಷಿನ್ ಇಲ್ಲಿ 10–12 ಸೆಂ.ಮೀ.ಗೆ ಸುಸ್ತಾಗುತ್ತದೆ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನದೇ ಸದ್ದನ್ನು ತಗ್ಗಿಸುವ ಹೊಂದಾಣಿಕೆ) ಇಲ್ಲದ ಆಟಿಕೆಯನ್ನು ಜಂಬಿಟ್ಟಿಗೆ ಮೇಲೆ ಹಿಡಿದರೆ ಎಲ್ಲಿ ಹಿಡಿದರೂ ಕೂಗುತ್ತದೆ. ಬೇಕಾದ್ದು ಮೂರು: ಕೈಯಿಂದ ಹೊಂದಿಸಬಹುದಾದ ಗ್ರೌಂಡ್ ಬ್ಯಾಲೆನ್ಸ್, ಡಬ್ಬಲ್ ಡಿ ಕಾಯಿಲ್ (ಒಳಗೆ D ಆಕಾರದ ಎರಡು ತಂತಿಸುರುಳಿ ಇರುವ ತಟ್ಟೆ), ಸಾಧ್ಯವಾದರೆ ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ. ದೊಡ್ಡ 11 ಇಂಚಿನ ಕಾಯಿಲ್ ಜೊತೆ 6 ಇಂಚಿನದೂ ಇರಲಿ. ನಿಜ ಹೇಳಬೇಕಂದರೆ ಕಾಫಿ ತೋಟದಲ್ಲಿ ಕೆಲಸಕ್ಕೆ ಬರುವುದು ಸಣ್ಣದೇ. ಗಿಡದ ನಡುವೆ ನುಗ್ಗುತ್ತದೆ, ಒಂದು ಮೊಳೆ ಪಕ್ಕದ ಸೀಸದ ಗುಂಡನ್ನು ಬೇರೆ ಮಾಡಿ ಹೇಳುತ್ತದೆ.

ಬ್ಯಾಲೆನ್ಸ್ ಮಾಡುವಾಗ ಲೋಹ ಇಲ್ಲದ ಜಾಗ ಹುಡುಕಿ, ಕಾಯಿಲನ್ನು ನೆಲದಿಂದ ಎರಡು ಇಂಚು ಮತ್ತು ಒಂದಡಿಯ ನಡುವೆ ಮೇಲೆ ಕೆಳಗೆ ಆಡಿಸಿ. ಇಳಿಸಿದಾಗಲೂ ಎತ್ತಿದಾಗಲೂ ಸದ್ದು ಒಂದೇ ಆಗುವ ತನಕ ಹೊಂದಿಸಿ. ಕಪ್ಪು ಕೆರೆ ಹೂಳಿನಿಂದ ಕೆಂಪು ಮಣ್ಣಿಗೆ ಕಾಲಿಟ್ಟ ಕೂಡಲೇ ಮತ್ತೆ ಮಾಡಬೇಕು. ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ಆಳ ಹೆಚ್ಚಾಗುವುದಿಲ್ಲ, ಗದ್ದಲ ಹೆಚ್ಚಾಗುತ್ತದೆ. ಮುಕ್ಕಾಲಕ್ಕೆ ಇಟ್ಟು ನಿಧಾನ ಬೀಸಿ, ಒಂದು ಬೀಸಿಗೆ ಎರಡು ಸೆಕೆಂಡ್.

ಮೆಷಿನ್ ಸೆಕೆಂಡಿಗೊಂದು ಸಲ ಟಕ್ ಟಕ್ ಅಂತಿದ್ದರೆ ಕೆಟ್ಟಿಲ್ಲ, ಹತ್ತಿರ ಎಲ್ಲೋ ಸೋಲಾರ್ ಬೇಲಿ ಇದೆ. ಬೇಲಿಯ ಮೆಷಿನ್ ಸುಮಾರು ಸೆಕೆಂಡಿಗೊಂದು ಪಲ್ಸ್ ಬಿಡುತ್ತದೆ. ಹಗಲು ಆಫ್ ಮಾಡಿಸಿ, ಸಂಜೆ ಮರೆಯದೆ ಆನ್ ಮಾಡಿ. ಮರೆತರೆ ರಾತ್ರಿ ಆನೆ ಬಾಳೆ ಲೆಕ್ಕ ಹಾಕುತ್ತದೆ.

ಸದ್ದಿನ ವಿಚಾರ. ಸೀಸ, ಹಿತ್ತಾಳೆ ಎರಡೂ ಕಡೆಯಿಂದ ಬೀಸಿದರೂ ಒಂದೇ ದುಂಡು ಸದ್ದು. ಮೊಳೆ, ಮುಳ್ಳುತಂತಿ ಒಂದು ಕಡೆ ಚೆನ್ನಾಗಿ, ಅಡ್ಡ ತಿರುಗಿ ಬೀಸಿದರೆ ಒಡೆದು ಬರುತ್ತದೆ. ಜಂಬಿಟ್ಟಿಗೆ ಉಂಡೆ ಕಾಯಿಲ್ ಎರಡು ಇಂಚು ಎತ್ತಿದರೆ ಮಾಯ. ಮೋಸ ಮಾಡುವುದು ಸ್ಪ್ರಿಂಕ್ಲರ್ ಪೈಪಿನ ಅಲ್ಯುಮಿನಿಯಂ ತುಂಡು, ಗುಟ್ಕಾ ಪೊಟ್ಟಣದ ಹಾಳೆ, 12 ಬೋರ್ ತೋಟೆಯ ಹಿತ್ತಾಳೆ ತಳ. ತೋಟದಲ್ಲಿ ಹತ್ತು ಒಳ್ಳೆ ಸದ್ದಿಗೆ ಆರೇಳು ತೋಟೆ ತಳವೇ. ಮೆಷಿನನ್ನು ಕಬ್ಬಿಣಕ್ಕೆ ಪೂರ್ತಿ ಕಿವುಡು ಮಾಡಿ ಇಡಬೇಡಿ, ಸೇನೆಯ ವಸ್ತು ಅರ್ಧಕ್ಕರ್ಧ ಕಬ್ಬಿಣವೇ.

ತೋಟದ ರೈಟರ್:
ಡಿಟೆಕ್ಟರ್ ಗಿರಾಕಿಗಳು ಗಿಡದ ಬಗ್ಗೆ ಯೋಚನೆ ಮಾಡಲ್ಲ, ಅದಕ್ಕೇ ಹೇಳ್ತೀನಿ. ಕಾಫಿ ಗಿಡ ಆಹಾರ ಎಳೆಯೋ ಬೇರು ಮೇಲಿನ ಒಂದಡಿಯಲ್ಲೇ ಇರೋದು, ರೆಂಬೆ ತುದಿಯ ನೆರಳಿನ ತನಕ ಹರಡಿರುತ್ತೆ. ಅದರೊಳಗೆ ಗುದ್ದಲಿ ಬೇಡ. ಎರಡು ಸಾಲಿನ ನಡುಭಾಗದಲ್ಲಿ ಸದ್ದು ಬಂದರೆ ಮಾತ್ರ, ಅಗಲ ಬಾಯಿಯ ಕುರ್ಪಿಯಿಂದ ಮೂರು ಕಡೆ ಕೊಯ್ದು ನಾಲ್ಕನೇ ಕಡೆ ಕೀಲಿನ ಹಾಗೆ ಬಿಟ್ಟು ಮಣ್ಣಿನ ಹೆಂಟೆ ಮಗುಚಿ. ಕೆಲಸ ಆದ ಮೇಲೆ ಅದೇ ಹೆಂಟೆ ಮುಚ್ಚಿ, ತುಳಿದು, ದರಗು (ಉದುರಿದ ಒಣ ಎಲೆ) ಎಳೆದುಬಿಡಿ. ಆರೇಳು ಇಂಚಿಗಿಂತ ಕೆಳಗೆ ಅಂತ ಮೆಷಿನ್ ಹೇಳಿದರೆ ಬಿಟ್ಟುಬಿಡಿ.

ಮೆಣಸಿನ ಬುಡಕ್ಕೆ ಹೋಗಲೇಬೇಡಿ. ಶೀಘ್ರ ಸೊರಗು ರೋಗದ ರೋಗಾಣು ಮಣ್ಣಲ್ಲೇ ಇರೋದು, ಗುದ್ದಲಿಗೆ, ಬೂಟಿಗೆ ಅಂಟಿದ ಒಂದು ಹಿಡಿ ಹಸಿ ಮಣ್ಣು ಸಾಕು ಇನ್ನೊಂದು ತೋಟಕ್ಕೆ ಹೋಗೋಕೆ. ಪಕ್ಕದವರ ತೋಟಕ್ಕೆ ಹೋಗೋ ಮುಂಚೆ ಸಾಮಾನು ತೊಳೆದು ಒಣಗಿಸಿ. ಮಳೆಗಾಲದಲ್ಲಿ ಈ ಕೆಲಸವೇ ಬೇಡ.

ಕಾಲ ಯಾವುದು ಅಂದರೆ, ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಒಂದೆರಡು ವಾರ, ಮಾರ್ಚ್ ಏಪ್ರಿಲ್. ಮಣ್ಣಲ್ಲಿ ತೇವ ಇದ್ದರೆ ಹೆಂಟೆ ಪುಡಿಯಾಗಲ್ಲ, ಮೆಷಿನಿಗೂ ಒಳ್ಳೇದಂತೆ. ಆದರೆ ಹೂ ಬಿಟ್ಟಿರೋ ವಾರ ಸಾಲಿನೊಳಗೆ ಓಡಾಡಿ ರೆಂಬೆ ಅಲ್ಲಾಡಿಸಬೇಡಿ. ಕೊಯ್ಲಿನ ಹೊತ್ತಲ್ಲಿ ಇನ್ನೊಬ್ಬರ ತೋಟದಲ್ಲಿ ಚೀಲ ಹೊತ್ತು ಕಂಡರೆ ಕಾಫಿ ಕಳ್ಳ ಅಂತಲೇ ಹಿಡೀತಾರೆ, ಆಗ ಇತಿಹಾಸ ಹೇಳೋಕೆ ಟೈಮ್ ಕೊಡಲ್ಲ.

ಇಳಿಜಾರಲ್ಲಿ ಗುಂಡಿ ಬಿಟ್ಟು ಮಳೆಗಾಲಕ್ಕೆ ಹೋಗಬಾರದು, ನೀರು ಅಲ್ಲೇ ಇಳಿದು ಮಣ್ಣು ಸಡಿಲ ಆಗುತ್ತೆ. 2018ರ ಆಗಸ್ಟ್ ಆದ ಮೇಲೆ ಇದನ್ನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆವಾಗ ಜಾರಿದ ಬರೆಯ (ಗುಡ್ಡದ ಕಡಿದಾದ ಮಗ್ಗುಲು) ಕೆಳಗೆ ಏನಾದರೂ ಸಿಕ್ಕರೆ ಅದು ಅಲ್ಲಿನದಲ್ಲ, ಮೇಲಿಂದ ಬಂದದ್ದು ಅಂತ ಬರೆದಿಡಿ.

ಎರಡು ಕಿವಿಗೂ ಹೆಡ್‌ಫೋನ್ ಹಾಕಬೇಡಿ. ಒಂದು ಕಿವಿ ಕಾಡಿಗೆ. ಸಿದ್ದಾಪುರ, ತಿತಿಮತಿ ಕಡೆಯವರಂತೂ ಬಿಸಿಲು ಏರಿದ ಮೇಲೆ, ಇಬ್ಬರು ಜೊತೆಗೆ. ಕೆಲಸದವರ ಹತ್ತಿರ ಮುಚ್ಚುಮರೆ ಮಾಡಬೇಡಿ. ಗುಟ್ಟು ಮಾಡಿದಷ್ಟೂ ‘ಸಾಹುಕಾರ್ರಿಗೆ ನಿಧಿ ಸಿಕ್ಕಿತಂತೆ’ ಅಂತ ಸಂತೆಗೆ ಹೋಗುತ್ತೆ, ಮುಂದಿನ ಅಮಾವಾಸ್ಯೆಗೆ ನಿಂಬೆಹಣ್ಣು ಕುಂಕುಮ ಹಿಡ್ಕೊಂಡು ಯಾರೋ ನಿಮ್ಮ ಕಡಂಗ ಅಗೀತಿರ್ತಾರೆ. ಸೀಸದ ಉಂಡೆ ಕೈಗೆ ಕೊಟ್ಟು ತೋರಿಸಿ, ಆಸೆ ಅಲ್ಲಿಗೇ ಮುಗಿಯುತ್ತೆ.

ಹಳೇ ಆರ್ಡನೆನ್ಸ್:
ರೈಟರ್ ಮಾತಿಗೆ ಒಂದು ಸೇರ್ಪಡೆ. ತೋಟದಲ್ಲಿ ನಿಜವಾದ ಅಪಾಯ ತೋಪಿನ ಗುಂಡಲ್ಲ, ಹಂದಿಗೆ ಇಡುವ ಸಿಡಿಮದ್ದು. ನಿಂಬೆಹಣ್ಣಿನ ಗಾತ್ರ, ದಾರ ಸುತ್ತಿ ಮೇಲೆ ಕೊಬ್ಬೋ ಹಿಟ್ಟೋ ಸವರಿರುತ್ತಾರೆ. ಒಳಗೆ ಲೋಹ ಇಲ್ಲದಿದ್ದರೆ ಮೆಷಿನ್ ಕೂಗುವುದೇ ಇಲ್ಲ, ಒತ್ತಿದರೆ ಸಾಕು ಸಿಡಿಯುತ್ತದೆ. ಬೇಲಿ ಪಕ್ಕ, ಹಂದಿ ದಾರಿಯಲ್ಲಿ ದರಗು ಕೆದಕುವಾಗ ಕೈ ಹಾಕಬೇಡಿ, ಕೋಲೂ ಹಾಕಬೇಡಿ.

ಪೈಪಿನಂಥ ಕಬ್ಬಿಣದ ಕೊಳವೆ ಸಿಕ್ಕರೆ ಪಂಪ್‌ಸೆಟ್ಟಿನದು ಅಂತ ಎಸೆಯುವ ಮೊದಲು ತುದಿ ನೋಡಿ. ಒಂದು ತುದಿ ಮುಚ್ಚಿ ಇನ್ನೊಂದು ತುದಿಯಲ್ಲಿ ಸಣ್ಣ ತೂತಿದ್ದರೆ ಮೈಸೂರು ರಾಕೆಟ್ ಆಗಿರಬಹುದು. ಇಂಗ್ಲೆಂಡಿನಲ್ಲಿ ಉಳಿದಿರುವ ಎರಡರ ಕೊಳವೆ ಒಂದು 25 ಸೆಂ.ಮೀ., ಇನ್ನೊಂದು 20 ಸೆಂ.ಮೀ. ಉದ್ದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ ಒಂದು ಬಾವಿಯ ಹೂಳಿನಿಂದ ಸಾವಿರಕ್ಕೂ ಹೆಚ್ಚು ಬಂದವು, ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು. ಒಳಗೆ ಕಪ್ಪು ಪುಡಿ ಕಂಡರೆ ತೋಡಬೇಡಿ, ಒಣಗಿಸಲೂ ಬೇಡಿ.

ಅನುಮಾನದ ವಸ್ತು ಯಾವುದೇ ಆಗಲಿ: ಮುಟ್ಟದೆ, ಹತ್ತಿರ ಒಂದು ಬಟ್ಟೆ ಕಟ್ಟಿ, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ, ನೂರು ಮೀಟರಿಗಿಂತ ದೂರದಿಂದ ಫೋನ್. ಬಕೆಟ್ ನೀರಲ್ಲಿ ಮುಳುಗಿಸುವುದು, ಜೀಪಿನಲ್ಲಿ ಹಾಕಿ ಸ್ಟೇಷನ್ನಿಗೆ ಒಯ್ಯುವುದು ಎರಡೂ ಹುಚ್ಚುತನ.

ಶನಿವಾರಸಂತೆ ಹುಡುಗ:
ಸಾರ್, ಗುಂಡಿನ ನಡುವೆ ಏರುಗೆರೆ ಇದೆ, ತೂತು ಇಲ್ಲ. ಮುಟ್ಟಿಲ್ಲ. ಬಿಲ್ಲೆಯನ್ನು ಅಮ್ಮ ಹುಣಸೆಹಣ್ಣು ಹಾಕಿ ಉಜ್ಜೋಕೆ ಹೊರಟಿದ್ದರು, ಇದನ್ನೆಲ್ಲ ಓದಿ ತಡೆದೆ. ಏನು ಮಾಡಲಿ? ಕೆರೆಯಿಂದ ಬಂದ ಗುಂಡು ಈಗಾಗಲೇ ಅಲ್ಲಲ್ಲಿ ಬಿರುಕು ಬಿಡ್ತಿದೆ.

ಕಿಲುಬು:
ಅಮ್ಮನಿಗೆ ನನ್ನ ಕಡೆಯಿಂದ ಕೈಮುಗಿಯಿರಿ, ಹುಣಸೆಹಣ್ಣು ಸಾರಿಗೇ ಇರಲಿ. ಹುಳಿ ಬಿದ್ದರೆ ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಆ ಬಿಲ್ಲೆ ಸೈನಿಕರ ಅಂಗಿಯ ಗುಂಡಿಯಾದರೆ ಮುಂದುಗಡೆ ರೆಜಿಮೆಂಟಿನ ಸಂಖ್ಯೆ ಇರಬಹುದು. ಉತ್ತರ ಗಡಿಯಿಂದ ಬಂದ ಬ್ರಿಟಿಷರ ದಂಡು 1834ರ ಏಪ್ರಿಲ್ 3ರಂದು ಕೊಡಗಿನವರ ಮರದ ತಡೆಗೋಡೆಯೆದುರು ಸೋತು ಹಿಮ್ಮೆಟ್ಟಿತು. ಅದರಲ್ಲಿ ಇದ್ದದ್ದು 55ನೇ ರೆಜಿಮೆಂಟ್, ಅದರ ಕರ್ನಲ್ ಮಿಲ್ ಅಲ್ಲೇ ಸತ್ತ. ಹಾಗಾಗಿ ಆ ಸಂಖ್ಯೆ ನಿಮ್ಮ ಬಿಲ್ಲೆಯಲ್ಲಿ ಇದೆಯೋ ಅಂತ ಎಲ್ಲರಿಗೂ ಕುತೂಹಲ. ಕುತೂಹಲಕ್ಕೆ ಕೆರೆಯಬೇಡಿ. ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಮೆತ್ತಗಿನ ಬ್ರಷ್, ಬಿದಿರು ಕಡ್ಡಿಯ ತುದಿ, ಅಷ್ಟೇ. ನೆರಳಲ್ಲಿ ಒಣಗಿಸಿ ಟಾರ್ಚನ್ನು ಪಕ್ಕದಿಂದ, ನೆಲಕ್ಕೆ ಸಮನಾಗಿ ಹಿಡಿದು ಫೋಟೊ ತೆಗೆಯಿರಿ. ನೇರ ಬೆಳಕಲ್ಲಿ ಕಾಣದ ಅಂಕಿ ಅಡ್ಡ ಬೆಳಕಲ್ಲಿ ಎದ್ದು ಕಾಣುತ್ತದೆ. ಗಟ್ಟಿ ಕಡುಹಸಿರು ಇದ್ದರೆ ಅದು ರಕ್ಷೆ, ಹಾಗೇ ಬಿಡಿ. ತಿಳಿಹಸಿರು ಹಿಟ್ಟಿನಂಥ ಚುಕ್ಕೆ ಏಳುತ್ತಿದ್ದರೆ ಅದು ರೋಗ, ಉಳಿದವುಗಳಿಂದ ಬೇರೆ ಇಟ್ಟು ಒಣ ಡಬ್ಬಕ್ಕೆ ಹಾಕಿ.

ಗುಂಡು ಬಿರಿಯುವುದಕ್ಕೆ ಕಾರಣ ಒಣಗಿದ್ದು. ಕೆರೆ ಕೆಸರಿನಲ್ಲಿ ಗಾಳಿ ಇರಲಿಲ್ಲ, ಈಗ ಗಾಳಿಯೂ ಸಿಕ್ಕಿತು, ಒಳಗಿನ ಕ್ಲೋರೈಡ್ (ಉಪ್ಪಿನ ಅಂಶ) ಕೂಡ ಕೆಲಸ ಶುರು ಮಾಡಿತು. ಸಮುದ್ರ ದೂರ ಇದೆಯಲ್ಲ, ಕ್ಲೋರೈಡ್ ಎಲ್ಲಿಂದ ಅನ್ನಬೇಡಿ. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡೇ, ವರ್ಷ ವರ್ಷ ತೊಳೆದು ಕೆರೆಗೇ ಬರುವುದು. ಗುಂಡು ಗಟ್ಟಿಯದೇ ಅಂತ ಮೇಲಿನ ಸಾರ್ ಫೋಟೊ ನೋಡಿ ಒಪ್ಪಿ, ಇಲಾಖೆಗೆ ಪತ್ರ ಹೋದ ಮೇಲೆ ಮಾತ್ರ ಇದನ್ನು ಮಾಡಿ. ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟ್, ಲೀಟರಿಗೆ 50 ಗ್ರಾಂ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ), ಗುಂಡು ಪೂರ್ತಿ ಮುಳುಗಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಮಳೆ ಶುರುವಾಗಿ ಒಂದು ಗಂಟೆ ಕಳೆದ ಮೇಲೆ ಹಿಡಿದ ಮಳೆನೀರು ಬಳಸಿ. ಕೊಡಗಿನಲ್ಲಿ ಅದಕ್ಕೆ ಬರವೇ? ಎರಡು ವಾರಕ್ಕೊಮ್ಮೆ ನೀರು ಬದಲಾಯಿಸಿ. 4 ಕೆ.ಜಿ. ಎರಕದ ಗುಂಡಿಗೆ ಕೆಲವು ತಿಂಗಳೇ ಹಿಡಿಯುತ್ತದೆ, ವರ್ಷವೂ ಆಗಬಹುದು.

ಮುಗಿಯಿತಾ ಅಂತ ತಿಳಿಯಲು ಬಕೆಟಿನ ನೀರು ಒಂದು ಸಣ್ಣ ಗಾಜಿನ ಸೀಸೆಗೆ ತೆಗೆದು, ನೊರೆ ನಿಲ್ಲುವ ತನಕ ಹನಿಹನಿಯಾಗಿ ನೈಟ್ರಿಕ್ ಆಮ್ಲ ಹಾಕಿ, ಆಮೇಲೆ ಎರಡು ಹನಿ ಸಿಲ್ವರ್ ನೈಟ್ರೇಟ್. ಹಾಲಿನ ಹಾಗೆ ಬೆಳ್ಳಗಾದರೆ ಕ್ಲೋರೈಡ್ ಇನ್ನೂ ಬರುತ್ತಿದೆ. ಆಮ್ಲ ಹಾಕದೆ ಪರೀಕ್ಷೆ ಮಾಡಿದರೆ ಸೋಡಾವೇ ಬೆಳ್ಳಗಾಗಿ ದಾರಿ ತಪ್ಪಿಸುತ್ತದೆ, ತುಂಬಾ ಜನ ಎಡವುವುದು ಇಲ್ಲೇ. ಈ ಎರಡು ದ್ರಾವಣ ಮನೆಯಲ್ಲಿ ಇಡಬೇಡಿ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಸೀಸೆ ಒಯ್ದರೆ ಐದು ನಿಮಿಷದ ಕೆಲಸ.

ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, 3–5 ಶೇಕಡಾ ಟ್ಯಾನಿಕ್ ಆಸಿಡ್ ತೆಳ್ಳಗೆ ಮೂರು ಸಲ ಹಚ್ಚಿ. ಮೈ ನೀಲಿಗಪ್ಪಾಗುತ್ತದೆ. ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ. ಅಳಲೆಕಾಯಿ ಕಷಾಯದಲ್ಲೂ ಟ್ಯಾನಿನ್ ಇದೆ ನಿಜ, ಆದರೆ ಎಷ್ಟಿದೆ, ಜೊತೆಗೆ ಏನಿದೆ ಗೊತ್ತಿಲ್ಲದ್ದನ್ನು ಹಚ್ಚುವುದು ಬೇಡ.

ಸೀಸದ ಗುಂಡಿಗೆ ನೀರು, ಮೆತ್ತನೆ ಬ್ರಷ್ ಸಾಕು. ಮೇಲಿನ ಬೂದುಬಿಳಿ ಪದರ ತೆಗೆಯಬೇಡಿ. ಮರದ ಬೀರು, ರಟ್ಟಿನ ಡಬ್ಬದಲ್ಲಿ ಇಡಬೇಡಿ, ಅವು ಬಿಡುವ ಹುಳಿ ಆವಿಗೆ ಸೀಸ ಬಿಳಿ ಹಿಟ್ಟಾಗಿ ಉದುರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು. ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗೆ ಬೇಡ. ಕಬ್ಬಿಣದ ವಸ್ತು ಇಟ್ಟ ಡಬ್ಬಕ್ಕೆ ವಸ್ತುವಿನ ತೂಕದಷ್ಟೇ ತೇವ ಹೀರುವ ಸಿಲಿಕಾ ಜೆಲ್ ಹಾಕಿ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ತಿಂಗಳಿಗೊಮ್ಮೆ ಬಣ್ಣ ನೋಡಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ತುಂಬಿ.

ಡಬ್ಬಲ್ ಡಿ:
ಅಕ್ಕಾ, ಬ್ಯಾಟರಿ ಚಾರ್ಜರಿನಿಂದ ಎಲೆಕ್ಟ್ರಾಲಿಸಿಸ್ ಮಾಡಿದರೆ ಎರಡು ದಿನದಲ್ಲಿ ಮುಗಿಯುವ ಕೆಲಸಕ್ಕೆ ವರ್ಷ ಯಾಕೆ?

ಕಿಲುಬು:
ತುಕ್ಕು ಎರಡು ದಿನದಲ್ಲಿ ಹೋಗುತ್ತದೆ, ಕ್ಲೋರೈಡ್ ಹೋಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಹೊಳೆಯುವ ಗುಂಡು ಈರುಳ್ಳಿ ಸಿಪ್ಪೆಯ ಹಾಗೆ ಬಿಡುತ್ತದೆ. ಒಳಗೆ ಲೋಹವೇ ಉಳಿಯದ ವಸ್ತುವಾದರೆ ಬಕೆಟಿನ ತಳದಲ್ಲಿ ಕೆಸರು ಮಾತ್ರ ಸಿಗುತ್ತದೆ. ಮಾಡಲೇಬೇಕು ಅಂತಿದ್ದರೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಳ್ಳುವ ವಸ್ತುವಿಗೆ ಮಾತ್ರ. ಇನ್ನೊಂದು ತುದಿಗೆ ಮಾಮೂಲಿ ಕಬ್ಬಿಣದ ತಗಡು ಹಾಕಿ. ಸ್ಟೀಲ್ ಚಮಚ ತಟ್ಟೆ ಹಾಕಿದರೆ ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ, ಆ ನೀರನ್ನು ನೀವು ಚೆಲ್ಲುವುದು ತೋಟಕ್ಕೇ. ಹೈಡ್ರೋಜನ್ ಬರುತ್ತದೆ, ಬಚ್ಚಲುಮನೆಯ ಒಲೆ ಪಕ್ಕ ಇಡಬೇಡಿ.

ಕಡತ:
ದಾಖಲೆ ಬಗ್ಗೆ ಯಾರೂ ಹೇಳಲಿಲ್ಲ. ಮರಗಳ ಕೆಳಗೆ ಫೋನಿನ ಜಿಪಿಎಸ್ ಹತ್ತು ಮೀಟರ್ ತಪ್ಪುವುದು ಮಾಮೂಲಿ. ಬಾವಿಕಟ್ಟೆ, ಲೈನ್ ಮನೆಯ ಮೂಲೆ, ಇಂಥ ಅಲುಗದ ಎರಡು ಜಾಗದಿಂದ ಟೇಪು ಹಿಡಿದು ಅಳೆಯಿರಿ. ಎರಡು ಅಳತೆ ಕೂಡುವ ಕಡೆ ನಿಮ್ಮ ವಸ್ತು. ಜೆಸಿಬಿ ರಾಶಿಯದಾದರೆ ರಾಶಿ ಕೆರೆಯ ಯಾವ ಮೂಲೆಯದು, ಸುಮಾರು ಎಷ್ಟು ಆಳದ್ದು ಅಂತ ಡ್ರೈವರನ್ನು ಅವತ್ತೇ ಕೇಳಿ. ವಾರ ಕಳೆದರೆ ಅವನಿಗೆ ನಿಮ್ಮ ಕೆರೆಯೇ ನೆನಪಿರುವುದಿಲ್ಲ. ಫೋಟೊದಲ್ಲಿ ಸ್ಕೇಲ್ ಇರಲಿ, ನಾಣ್ಯ ಸಾಲದು. ಚೀಟಿ ಚೀಲದೊಳಗೆ, ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಒಂದು ಮಳೆಗಾಲ ಬಾಳುವುದಿಲ್ಲ. ಗುಂಡು ದುಂಡಗೇ ಇದೆಯೋ, ಒಂದು ಕಡೆ ಚಪ್ಪಟೆಯಾಗಿದೆಯೋ ಬರೆಯಿರಿ. ದುಂಡಗಿದ್ದದ್ದು ಹಾರಿಸದೆ ಬಿದ್ದದ್ದಿರಬಹುದು, ಚಪ್ಪಟೆಯಾದದ್ದು ಎಲ್ಲಿಗೋ ತಾಗಿದ್ದು. ನಕ್ಷೆಯಲ್ಲಿ ಈ ಎರಡನ್ನೂ ಬೇರೆ ಬಣ್ಣದಲ್ಲಿ ಗುರುತಿಸುತ್ತಾ ಹೋದರೆ ಯಾವ ಕಡೆಯಿಂದ ಹೊಡೆದರು ಅನ್ನುವುದು ತಾನಾಗೇ ಕಾಣತೊಡಗುತ್ತದೆ.

ಕೊಟ್ಟುಬಿಡುವ ಮನಸ್ಸಿದ್ದರೆ ಮಡಿಕೇರಿ ಕೋಟೆಯೊಳಗೆ, ಹಳೇ ಚರ್ಚಿನಲ್ಲಿರುವ ಸರ್ಕಾರಿ ಮ್ಯೂಸಿಯಂನಲ್ಲಿ ಮೊದಲು ವಿಚಾರಿಸಿ. ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆಯಲ್ಲಿ 2021ರಿಂದ ಇರುವ ಮ್ಯೂಸಿಯಂ ಹೆಚ್ಚಾಗಿ ಈಚಿನ ಸೇನೆಯದು. ಎಲ್ಲಿ ಕೊಟ್ಟರೂ ವಸ್ತುವಿನ ಅಳತೆ, ತೂಕ, ಸಿಕ್ಕ ಸರ್ವೆ ನಂಬರ್ ನಮೂದಿಸಿದ ರಸೀದಿ ತಗೊಳ್ಳಿ. ‘ಹಳೇ ಗುಂಡು 3’ ಅಂತ ಬರೆದುಕೊಟ್ಟರೆ ಒಪ್ಪಬೇಡಿ.

ಶನಿವಾರಸಂತೆ ಹುಡುಗ:
ಪತ್ರ ಬರೆದೆ, ನಾಳೆ ಟಪಾಲಿಗೆ. ಕೆರೆ ಮಣ್ಣಿನ ರಾಶಿ ಮಳೆಗೆ ಮುಂಚೆ ಹರಡಬೇಕಲ್ಲ, ಯಾವ ಕಡೆ ಹರಡಿಸಲಿ ರೈಟರಣ್ಣ?

ತೋಟದ ರೈಟರ್:
ಕೆರೆ ಏರಿ ಮೇಲೆ ಬೇಡ, ಮೊದಲ ಮಳೆಗೇ ವಾಪಸ್ ಒಳಗೆ ಹೋಗುತ್ತೆ. ಕಣದ ಪಕ್ಕ ಸಮತಟ್ಟು ಜಾಗ ಇದ್ದರೆ ಅಲ್ಲಿ, ಅರ್ಧ ಅಡಿ ದಪ್ಪ. ನೋಡಿ ಮುಗಿದ ಮಣ್ಣನ್ನ ಕಾಫಿ ಸಾಲಿಗೆ ಹಾಕಿ, ಹೂಳು ಒಳ್ಳೆ ಗೊಬ್ಬರ. ಮೆಣಸಿನ ಬುಡಕ್ಕೆ ಮಾತ್ರ ಏರಿಸಬೇಡಿ.